ಗಿರಣಿಯ ಘಾಟು ನಿಜವೆಂದು ತೀರ್ಮಾನಿಸುವ ಬಗ್ಗೆ

ಇಂದ,
ತಾಕ್ ಸಾಂಗ್‌ಗು,
ಎಳ್ಳೆಣ್ಣೆ ಮತ್ತು ಮೆಣಸಿನಪುಡಿ ಗಿರಣಿಯ ಮಾಲೀಕ,
ಸಮುದಾಯ ಭವನದ ಎದುರು, ದೊಲ್‌ಮೊರು ಹಳ್ಳಿ,
ಹಾಮ್‌ಗೋಕ್ ಹೋಬಳಿ.

ಗೆ,
ಶ್ರೀ ಬಾಂಗ್ ಗಿಹ್ವಾನ್ ಅವರು,
ಅಧಿಕಾರಿಗಳು, ಪರಿಸರ ಮತ್ತು ನೈರ್ಮಲ್ಯ ಶಾಖೆ,
ಹೋಬಳಿ ಕಚೇರಿ, ಹಾಮ್‌ಗೋಕ್.

ವಿಷಯ: ನನ್ನ ಗಿರಣಿಯ ವಿರುದ್ಧ ಬಂದಿರುವ ದುರ್ವಾಸನೆಯ ದೂರನ್ನು ವಜಾ ಮಾಡದೆ, ನನ್ನನ್ನು ತಪ್ಪಿತಸ್ಥನೆಂದು ತೀರ್ಮಾನಿಸುವ ಕುರಿತು.

ಉಲ್ಲೇಖ: (೧) ನನ್ನ ನೆರೆಮನೆಯವರೂ ಊರ ಮುಖ್ಯಸ್ಥರೂ ಆದ ಗುಕ್ ಪಾನ್‌ಸು ಅವರು ತಮ್ಮ ಕಚೇರಿಗೆ ಸಲ್ಲಿಸಿರುವ ದೂರು.
(೨) ತಾವು ಖುದ್ದಾಗಿ ಬಂದು ನಡೆಸಿದ ಸ್ಥಳ ಪರಿಶೀಲನೆ ಮತ್ತು "ಗಮನಾರ್ಹ ವಾಸನೆ ಕಂಡುಬಂದಿರುವುದಿಲ್ಲ" ಎಂಬ ತಮ್ಮ ಷರಾ.
(೩) ನನ್ನ ಹೆಂಡತಿ ಯೊಮ್ ಮಾಲ್‌ಜಾ ಇವರ ಮೌಖಿಕ ಆದೇಶ, ಇಂದು ಬೆಳಿಗ್ಗೆ, ಊಟದ ತಟ್ಟೆ ಇಡುವ ಮುನ್ನ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನಾದ ನಾನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಸದರಿ ದೂರು ಸತ್ಯ. ನನ್ನ ಗಿರಣಿ ನಾರುತ್ತದೆ. ಎಳ್ಳು ಹುರಿಯುವಾಗ ಒಂದು ಬಗೆ, ಒಣಮೆಣಸಿನಕಾಯಿ ಪುಡಿ ಮಾಡುವಾಗ ಇನ್ನೊಂದು ಬಗೆ. ಎರಡೂ ಒಟ್ಟಿಗೆ ನಡೆಯುವ ಸಂತೆಯ ಹಿಂದಿನ ದಿನ ಊರ ನಾಯಿಗಳು ದಾರಿ ಬದಲಿಸುತ್ತವೆ. ಇದು ನನ್ನ ಅಪ್ಪನ ಕಾಲದಿಂದ ನಡೆದುಬಂದಿರುವ ಘಾಟು. ಆದಾಗ್ಯೂ ತಾವು ಉಲ್ಲೇಖ ಎರಡರಂತೆ ಷರಾ ಬರೆದು, ದೂರನ್ನು ಕೈಬಿಡುವ ಹಂತದಲ್ಲಿದ್ದೀರೆಂದು ತಿಳಿದುಬಂದಿದೆ.

ಬೇರೆ ಯಾವ ಗಿರಣಿಯವನಾದರೂ ಈ ಸುದ್ದಿ ಕೇಳಿದ್ದರೆ ತಮ್ಮ ಕಚೇರಿಗೆ ಕಲ್ಲಂಗಡಿ ಹೊತ್ತು ತರುತ್ತಿದ್ದ. ನಾನು ಅರ್ಜಿ ತಂದಿದ್ದೇನೆ. ಕಾರಣ, ತಾವು ನನ್ನನ್ನು ನಿರಪರಾಧಿ ಎಂದು ಬಿಟ್ಟುಬಿಟ್ಟರೆ ನನ್ನ ಮಗ ಡಾಕ್ಟರ್ ತಾಕ್ ಜೆವಾನನ ತಜ್ಞ ಪ್ರಮಾಣಪತ್ರ ಈ ಊರಿನ ಮಟ್ಟಿಗೆ ಸುಳ್ಳಾಗುತ್ತದೆ. ಅದು ಹೇಗೆಂಬುದನ್ನು ಈ ಕೆಳಗೆ ವಿವರಿಸಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ. ತಮ್ಮ ಕಚೇರಿಯಲ್ಲಿ ಮಧ್ಯಾಹ್ನದ ಮೇಲೆ ಅಷ್ಟೇನೂ ಕೆಲಸವಿರುವುದಿಲ್ಲವೆಂದು ಎಲ್ಲರೂ ಹೇಳುತ್ತಾರಾದ್ದರಿಂದ ಓದುವಿರೆಂದು ನಂಬಿದ್ದೇನೆ.

೧. ಬ್ಯಾನರಿನ ವಿಚಾರ

ನಮ್ಮ ಕಡೆ ಮಕ್ಕಳು ಏನಾದರೂ ಪಾಸಾದರೆ ಮೂರು ದಾರಿ ಕೂಡುವಲ್ಲಿ ಬಟ್ಟೆಯ ಬ್ಯಾನರ್ ಕಟ್ಟುವುದು ತಮಗೆ ಗೊತ್ತೇ ಇದೆ. ಅನುಮತಿಗೆ ಮೊಹರು ಹಾಕುವವರು ತಮ್ಮ ಪಕ್ಕದ ಮೇಜಿನವರು. ಗುಕ್ ಪಾನ್‌ಸುವಿನ ಮಗಳು ಸೊನ್ಹಿ ತೆರಿಗೆ ಕಚೇರಿಯ ಪರೀಕ್ಷೆ ಪಾಸಾದಾಗ ಕಟ್ಟಿದ ಬ್ಯಾನರ್ ಬಿಸಿಲಿಗೆ ಬಣ್ಣ ಬಿಟ್ಟು, ಆಕೆಯ ಹೆಸರೇ ಅಳಿಸಿಹೋದರೂ ಅವನು ಇಳಿಸಿರಲಿಲ್ಲ. ಆದ್ದರಿಂದ ನನ್ನ ಮಗ ತಜ್ಞ ಪರೀಕ್ಷೆ ಪಾಸಾಗಿ ತನ್ನದೇ ಚಿಕಿತ್ಸಾಲಯ ತೆರೆದಾಗ, ಅದಕ್ಕಿಂತ ಒಂದು ಮೊಳವಾದರೂ ಉದ್ದದ ಬ್ಯಾನರ್ ಕಟ್ಟುವುದು ನನಗೆ ಅನಿವಾರ್ಯವಾಯಿತು.

ಮಗ ಪಾಸಾದದ್ದು ಕಿವಿ, ಮೂಗು, ಗಂಟಲಿನ ವಿಭಾಗದಲ್ಲಿ. ಆಮೇಲೆ ಹಿರಿಯರ ಕೈಕೆಳಗೆ ಮೂಗು ತಿದ್ದುವುದನ್ನೇ ಬೇರೆಯಾಗಿ ಕಲಿತು, ಸಿಯೋಲ್‌ನ ಸಿನ್ಸಾ ಬಡಾವಣೆಯಲ್ಲಿ ಬೋರ್ಡು ಹಾಕಿದ್ದಾನೆ. ಬ್ಯಾನರ್ ಬರೆಯುವವನು "ಏನಂತ ಬರೀಲಿ?" ಎಂದು ಕೇಳಿದಾಗ ನಾನು ಯೋಚಿಸಿದೆ. ನಮ್ಮಲ್ಲಿ ಕಿವಿ-ಮೂಗು-ಗಂಟಲಿನ ಡಾಕ್ಟರ ಹತ್ತಿರ ಜನ ಹೋಗುವುದು ನೆಗಡಿಗೆ, ಸಿಂಬಳಕ್ಕೆ, ಕಫಕ್ಕೆ. ಕಫಕ್ಕಾಗಿ ಯಾರಾದರೂ ಬ್ಯಾನರ್ ಕಟ್ಟುತ್ತಾರೆಯೇ? ಆದಕಾರಣ "ಪ್ಲಾಸ್ಟಿಕ್ ಸರ್ಜರಿ ತಜ್ಞ" ಎಂದು ಬರೆಸಿದೆ. ಮೂಗು ಮುಖದ ನಡುಮಧ್ಯದಲ್ಲೇ ಇದೆ, ಎರಡಕ್ಕೂ ಏನು ಮಹಾ ವ್ಯತ್ಯಾಸ ಎಂಬುದು ಆಗಿನ ನನ್ನ ತಿಳಿವಳಿಕೆ. ಮೂಗಿಗಿಂತ ಮೂಗುತಿ ಭಾರವಾಯಿತು ಎಂಬುದು ನನ್ನ ಹೆಂಡತಿಯ ಅಭಿಪ್ರಾಯ. ಅದನ್ನು ತಾನು ಆಗಲೇ ಹೇಳಿದ್ದೆನೆಂದು ಈ ಅರ್ಜಿಯಲ್ಲಿ ನಮೂದಿಸಬೇಕೆಂದು ಆಕೆ ಸೂಚಿಸಿದ್ದರಿಂದ ನಮೂದಿಸಿದ್ದೇನೆ.

೨. ಚೀಟಿ ಗುಂಪಿನ ಪ್ರವಾಸ

ಬ್ಯಾನರನ್ನು ಎಲ್ಲರಿಗಿಂತ ಗಮನವಿಟ್ಟು ಓದಿದವರು ನಮ್ಮೂರ ಚೀಟಿ ಗುಂಪಿನ ಹೆಂಗಸರು. ಅವರ ಮುಂದಾಳು ಸೊನ್ಹಿಯ ಅಮ್ಮ, ಅಂದರೆ ಗುಕ್ ಪಾನ್‌ಸುವಿನ ಹೆಂಡತಿ. ವಯಸ್ಸಾಗಿ ಕಣ್ಣಿನ ರೆಪ್ಪೆಗಳು ಜೋತುಬಿದ್ದಿವೆ, ಎತ್ತಿ ಹೊಲಿಸಿಕೊಳ್ಳೋಣ, ಊರ ಹುಡುಗನೇ ಇದ್ದಾನಲ್ಲ ಎಂದು ವ್ಯಾನು ಮಾಡಿಕೊಂಡು, ಬೇಯಿಸಿದ ಗೆಣಸು ಕಟ್ಟಿಕೊಂಡು ಒಂದು ದಿನ ಸಿಯೋಲ್‌ಗೆ ಹೋಗಿಯೇಬಿಟ್ಟರು. ನನ್ನ ಹೆಂಡತಿಯೂ ಜೊತೆಗಿದ್ದಳು. ಅಲ್ಲಿ ನಡೆದ ಮಾತುಕತೆಯನ್ನು ಆಕೆ ಹೇಳಿದಂತೆಯೇ ಕೊಡುತ್ತಿದ್ದೇನೆ.

"ದೊಡ್ಡಮ್ಮ, ರೆಪ್ಪೆ ನನ್ ಕೆಲ್ಸ ಅಲ್ಲ. ನಾನು ಮೂಗಿನವನು" ಎಂದನಂತೆ ಮಗ.

"ಮುಖ ಒಂದೇ ತಾನೇನಪ್ಪಾ?" ಎಂದಳು ಸೊನ್ಹಿಯ ಅಮ್ಮ. "ನಾವು ಊರಿಂದ ಇಲ್ಲೀವರ್ಗೂ ಬಂದಿದೀವಿ. ನಿನ್ ಕೈ ಮೂಗಿಂದ ಕಣ್ಣಿನ್ ತನಕ ಹೋಗಲ್ವಾ?"

"ಹೋಗತ್ತೆ. ಕಾನೂನೂ ತಡೆಯಲ್ಲ. ಡಾಕ್ಟರ್ ಅಂತ ಲೈಸೆನ್ಸ್ ಇರೋ ಯಾರು ಬೇಕಾದ್ರೂ ಎಲ್ ಬೇಕಾದ್ರೂ ಕೊಯ್ಬಹುದು. ಅದಕ್ಕೇ ಹೇಳ್ತಿರೋದು, ನಾನು ಕೊಯ್ಯಲ್ಲ. ಅದನ್ನೇ ಕಲಿತವ್ರು ಇದಾರೆ, ಹೆಸರು ಬರ್ಕೊಡ್ತೀನಿ."

"ಹಂಗಾದ್ರೆ ಆ ಬ್ಯಾನರು?"

"ಯಾವ ಬ್ಯಾನರು?"

ಈ ಪ್ರಶ್ನೆಯಿಂದ, ಬ್ಯಾನರಿನ ವಿಚಾರದಲ್ಲಿ ನನ್ನ ಮಗನ ಕೈವಾಡವಿರಲಿಲ್ಲವೆಂಬುದು ಸಾಬೀತಾಗುತ್ತದೆ. ಆ ಗಳಿಗೆಯಲ್ಲಿ ನನ್ನ ಹೆಂಡತಿ ಬಾಯಲ್ಲಿದ್ದ ಗೆಣಸನ್ನು ನುಂಗಲೂ ಆಗದೆ ಉಗುಳಲೂ ಆಗದೆ ಗೋಡೆಯ ಕಡೆಗೆ ತಿರುಗಿ ನಿಂತಳಂತೆ.

ಮಗ ಅವರನ್ನು ಕಿಟಕಿಯ ಬಳಿಗೆ ಕರೆದು ಎದುರು ಕಟ್ಟಡದ ಬೋರ್ಡೊಂದನ್ನು ತೋರಿಸಿದ. "ಅಗೋ, ಪ್ಲಾಸ್ಟಿಕ್ ಸರ್ಜರಿ ಅಂತ ಎಷ್ಟ್ ದೊಡ್ಡಕ್ಷರ, ಲೈಟ್ ಬೇರೆ. ಅದರ ಪಕ್ಕ 'ಇಲ್ಲಿ ನೋಡುವ ವಿಷಯ' ಅಂತ ಸಣ್ಣಕ್ಷರ ಇದೆ, ಅದಕ್ ಲೈಟ್ ಇಲ್ಲ. ಅಂದ್ರೆ ಅವ್ರು ಡಾಕ್ಟ್ರು, ಆದ್ರೆ ಆ ತಜ್ಞ ಪರೀಕ್ಷೆ ಕಟ್ಟಿ ಪಾಸಾದೋರಲ್ಲ. ಬೋರ್ಡಲ್ಲಿ ದೊಡ್ಡಕ್ಷರ ನೋಡ್ಬಾರ್ದು ದೊಡ್ಡಮ್ಮ, ಸಣ್ಣಕ್ಷರ ಓದ್ಬೇಕು."

"ಸಣ್ಣಕ್ಷರ ಕಾಣೋ ಹಂಗಿದ್ರೆ ನಾವ್ಯಾಕಪ್ಪಾ ರೆಪ್ಪೆ ಎತ್ತಿಸೋಕ್ ಬರ್ತಿದ್ವಿ?" ಎಂದಳು ಸೊನ್ಹಿಯ ಅಮ್ಮ.

ಹೋಗುವಾಗ ಇದ್ದ ರೆಪ್ಪೆಗಳೊಂದಿಗೇ ಅವರೆಲ್ಲ ಹಿಂತಿರುಗಿದರು. ಅಂದಿನಿಂದ ಊರಲ್ಲಿ ನನ್ನ ಮಗನಿಗೆ "ನೆಗಡಿ ಡಾಕ್ಟ್ರು" ಎಂಬ ಹೆಸರು ಬಿತ್ತು. ನನ್ನ ಹೆಂಡತಿ ಸಮುದಾಯ ಭವನಕ್ಕೆ ಇಸ್ಪೀಟಾಡಲು ಹೋಗುವುದನ್ನೇ ಬಿಟ್ಟಳು. ಆಕೆ ಗೆಲ್ಲುತ್ತಿದ್ದ ಏಕೈಕ ಜಾಗ ಅದು.

೩. ಬ್ಯಾನರ್ ಇಳಿಸಿದ ವಿಚಾರ

ಮಗ ಫೋನು ಮಾಡಿದ. ಡಾಕ್ಟರಾದ ಮೇಲೆ ಅವನು ನನ್ನ ಮೇಲೆ ದನಿ ಏರಿಸಿರಲಿಲ್ಲ, ಅಂದೂ ಏರಿಸಲಿಲ್ಲ. ಅದಕ್ಕೇ ನನಗೆ ಭಯವಾಯಿತು.

"ಅಪ್ಪಾ, ಬ್ಯಾನರ್ ಇಳಿಸಿ."

"ಇಳಿಸಿದ್ರೆ ಫೇಲಾದ ಅಂತಾರೆ ಕಣೋ."

"ಇಳಿಸ್ದೇ ಇದ್ರೆ ಸುಳ್ಳ ಅಂತಾರೆ."

"ಸುಳ್ಳ ಅಂದ್ರೆ ಅನ್ಲಿ. ಫೇಲು ಅನ್ಬಾರ್ದು."

ತಾವೂ ಈ ಸೀಮೆಯವರೇ. ಕಟ್ಟಿದ ಬ್ಯಾನರನ್ನು ಮಳೆ ಗಾಳಿ ಕಿತ್ತುಕೊಂಡು ಹೋಗಬೇಕೇ ಹೊರತು ಮನೆಯವರೇ ಇಳಿಸಿದರೆ ಜನ ಏನೆಂದುಕೊಳ್ಳುತ್ತಾರೆಂಬುದನ್ನು ತಮಗೆ ಬಿಡಿಸಿ ಹೇಳಬೇಕಾಗಿಲ್ಲ. ಆದಕಾರಣ ನಾನು ಇಳಿಸಲಿಲ್ಲ. ಆದ್ದರಿಂದ ಮುಂದಿನ ಭಾನುವಾರ ಮಗನೇ ಬಸ್ಸು ಹಿಡಿದು ಬಂದ. ಅವರಮ್ಮ ಏಣಿ ಹಿಡಿದುಕೊಂಡಳು. ಹಾಡುಹಗಲೇ, ಇಡೀ ಊರು ನೋಡುತ್ತಿರುವಾಗ, ಅವನು ಮೇಲೆ ಹತ್ತಿ ಬ್ಯಾನರಿನ ಗಂಟು ಬಿಚ್ಚತೊಡಗಿದ. ಗುಕ್ ಪಾನ್‌ಸು ಕೈ ಹಿಂದೆ ಕಟ್ಟಿಕೊಂಡು ಏಣಿಯ ಬುಡಕ್ಕೆ ಬಂದು ನಿಂತ.

"ಏನ್ ಡಾಕ್ಟ್ರೇ, ಪಾಸಾಗಿದ್ದು ವಾಪಸ್ ಹೋಯ್ತಾ?"

"ಇಲ್ಲ ದೊಡ್ಡಪ್ಪ, ಪಾಸಾಗಿದೀನಿ. ಇಲ್ಲಿ ಬರ್ದಿರೋದ್ರಲ್ಲಿ ಅಲ್ಲ, ಅಷ್ಟೆ. ಕಿವಿ, ಮೂಗು, ಗಂಟಲಲ್ಲಿ."

"ಅದಕ್ಕೂ ಪರೀಕ್ಷೆ ಬೇರೆ ಇಡ್ತಾರಾ?"

"ಇಡ್ತಾರೆ. ಡಾಕ್ಟ್ರಾದ್ಮೇಲೆ ಐದು ವರ್ಷ ಆಸ್ಪತ್ರೇಲೇ ಮಲ್ಗಿ ಎದ್ದು, ಹಿರಿಯರ ಕಣ್ಣೆದುರಿಗೆ ಕೊಯ್ದು, ಹೊಲ್ದು, ಬೈಸ್ಕೊಂಡು, ಆಮೇಲೆ ಪರೀಕ್ಷೆ. ಅದಾದ್ಮೇಲೆ ಮೂಗು ತಿದ್ದೋದೇ ಎರಡು ವರ್ಷ."

"ಒಂದ್ ಮೂಗಿಗೆ ಅಷ್ಟು ವರ್ಷವಾ?" ಎಂದು ಪಾನ್‌ಸು ಸುತ್ತಲಿದ್ದವರನ್ನು ನೋಡಿದ. "ಅಷ್ಟ್ ಹೊತ್ತಿಗೆ ನಾನು ಎರಡ್ ಮನೆ ಕಟ್ಸಿದ್ದೆ." ಜನ ನಕ್ಕರು. ನನ್ನ ಹೆಂಡತಿ ಏಣಿ ಬಿಟ್ಟು ಅವನ ಮೇಲೆ ಹೋಗದಿದ್ದುದು ಏಣಿಯ ಮೇಲೆ ಮಗನಿದ್ದ ಒಂದೇ ಕಾರಣಕ್ಕೆ.

೪. ದೂರುದಾರರ ಮೂಗಿನ ಪೂರ್ವಸ್ಥಿತಿ

ಈ ಹಂತದಲ್ಲಿ ಗುಕ್ ಪಾನ್‌ಸುವಿನ ಮೂಗಿನ ಬಗ್ಗೆ ತಮ್ಮ ಅವಗಾಹನೆಗೆ ತರುವುದು ಅಗತ್ಯ. ಸೈನ್ಯದಲ್ಲಿದ್ದಾಗ ಕಾಲ್ಚೆಂಡಿನ ಆಟದಲ್ಲಿ ಗೋಲು ಕಾಯುತ್ತಿದ್ದ ಅವನು ಕಂಬಕ್ಕೆ ಮುಖ ಗುದ್ದಿಕೊಂಡ. ಗೋಲು ತಡೆದನೋ ಇಲ್ಲವೋ ಎಂಬುದು ಅವನು ಕಥೆ ಹೇಳಿದಾಗಲೆಲ್ಲ ಬದಲಾಗುತ್ತದೆ. ಮೂಗು ಮಾತ್ರ ಅಂದಿನಿಂದ ಎಡಕ್ಕೇ ಇತ್ತು. ಉಸಿರು ಬಾಯಲ್ಲಿ, ಮಾತು ಮೂಗಲ್ಲಿ, ವಾಸನೆ ಎಂಬುದು ಸೊನ್ನೆ. ಈ ಅನುಕೂಲ ನೋಡಿಕೊಂಡು ಅವನ ಹೆಂಡತಿ ಪ್ರತಿ ಚಳಿಗಾಲ ಹುದುಗುವ ಸೋಯಾ ಉಂಡೆಗಳನ್ನು ಅವನ ತಲೆದಿಂಬಿನ ಮೇಲೇ ನೇತುಹಾಕುತ್ತಿದ್ದಳು. ನನ್ನ ಗಿರಣಿಯ ಪಕ್ಕದ ಜಾಗ ಬೇರೆ ಯಾರಿಗೂ ಬೇಡವಾಗಿದ್ದಾಗ ಅದನ್ನು ಕೊಂಡು ಮನೆ ಕಟ್ಟಿದವನೂ ಇವನೇ.

ಅಂಥವನು ಅಂದು ಏಣಿಯ ಬುಡದಲ್ಲಿ ನಿಂತು ಮುಖ ಮೇಲೆತ್ತಿ ಹೇಳಿದ: "ಮೂಗಿನ ಡಾಕ್ಟ್ರಲ್ವಾ? ಇಗೋ, ಇದೂ ಮೂಗೇ. ಸರಿ ಮಾಡು ನೋಡೋಣ."

ಮಗ ಇಳಿದುಬಂದು, ಬ್ಯಾನರನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡೇ, ಮೊಬೈಲಿನ ಬೆಳಕು ಬಿಟ್ಟು ಅವನ ಮೂಗಿನೊಳಗೆ ಬಹಳ ಹೊತ್ತು ನೋಡಿದ.

"ದೊಡ್ಡಪ್ಪ, ಒಳಗಿನ್ ನಡುಗೋಡೆ ಪೂರ್ತಿ ಸೊಟ್ಟಗಾಗಿದೆ. ನೆಟ್ಟಗ್ ಮಾಡ್ತೀನಿ, ಉಸಿರಾಡ್ತೀರಿ. ಹೊರಗಿನ್ ಡೊಂಕೂ ತೆಗೀತೀನಿ. ವಾಸನೆ ಬರತ್ತೆ ಅಂತ ಮಾತ್ರ ಮಾತು ಕೊಡಲ್ಲ."

ನಾನು ಹಿಂದಿನಿಂದ ಅವನ ಸೊಂಟ ಚಿವುಟಿದೆ. "ಬರತ್ತೆ ಅನ್ನೋ" ಎಂದು ಪಿಸುಗುಟ್ಟಿದೆ.

"ನನಗ್ ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಹೇಳೋಕೇ ಅಪ್ಪಾ ಆ ಸರ್ಟಿಫಿಕೇಟು ಕೊಟ್ಟಿರೋದು" ಎಂದ ಅವನು, ಎಲ್ಲರಿಗೂ ಕೇಳುವಂತೆ.

ಪ್ರಮಾಣಪತ್ರವನ್ನು ಗೊತ್ತಿರುವುದಕ್ಕೆ ಕೊಡುತ್ತಾರೆಂದು ನಾನು ತಿಳಿದಿದ್ದೆ. ಅವನನ್ನು ಓದಿಸಲೆಂದು ಮೆಣಸಿನ ಘಾಟಿನಲ್ಲಿ ಕೆಮ್ಮಿದ್ದೇನಲ್ಲ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಸಿಟ್ಟೂ ಬಂತು. ಪಾನ್‌ಸುವಿಗೆ ಇದೇ ಬೇಕಿತ್ತು. ಜನರ ಕಡೆ ತಿರುಗಿ ತೀರ್ಪು ಕೊಟ್ಟ: "ಎಲ್ರೂ ಕೇಳಿಸ್ಕೊಳ್ಳಿ. ನನಗ್ ವಾಸ್ನೆ ಬಂದ್ರೆ ಇವ್ನು ತಜ್ಞ. ಬರ್ದೇ ಇದ್ರೆ ನೆಗಡಿ ಡಾಕ್ಟ್ರೇ." ಹೀಗೆ ಸರ್ಕಾರ ಒಮ್ಮೆ ನಡೆಸಿ ಮುಗಿಸಿದ್ದ ಪರೀಕ್ಷೆಯನ್ನು ದೊಲ್‌ಮೊರು ಹಳ್ಳಿ ಇನ್ನೊಮ್ಮೆ ಇಟ್ಟಿತು.

೫. ಫಲಿತಾಂಶ

ಶಸ್ತ್ರಚಿಕಿತ್ಸೆ ಆಯಿತು. ಪಾನ್‌ಸು ಮುಖಕ್ಕೆ ಪಟ್ಟಿ ಕಟ್ಟಿಕೊಂಡು ಊರಿಗೆ ಬಂದ. ಪಟ್ಟಿ ಬಿಚ್ಚಿದಾಗ ಮೂಗು ನೆಟ್ಟಗಿತ್ತು. ಆದರೆ ಊರು ಕಾಯುತ್ತಿದ್ದುದು ನೆಟ್ಟಗಿನ ಮೂಗಿಗಲ್ಲ. "ಊತ ಇಳಿಯಬೇಕು, ತಾಳಿ ದೊಡ್ಡಪ್ಪ" ಎಂದು ಮಗ ಹೇಳಿ ಕಳುಹಿಸಿದ್ದ. ದಿನವೂ ನನ್ನ ಹೆಂಡತಿ ಬೇಲಿಯ ಆಚೆಯಿಂದ "ಏನಾದ್ರೂ ಬಂತಾ?" ಎಂದು ಕೇಳುವುದು, ಅವನು "ಏನೂ ಇಲ್ಲ" ಎಂದು ತಲೆಯಾಡಿಸುವುದು. ನನಗೆ ಅನ್ನ ಸೇರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಪಾನ್‌ಸು ಹಾಸಿಗೆಯನ್ನು ಹೆಗಲ ಮೇಲೆ ಹೊತ್ತು ಅಂಗಳಕ್ಕೆ ಓಡಿಬಂದ. "ನನ್ ರೂಮಲ್ಲಿ ಏನೋ ಸತ್ತಿದೆ" ಎಂದು ಕೂಗಿದ. ಏನೂ ಸತ್ತಿರಲಿಲ್ಲ, ಅವು ಸೋಯಾ ಉಂಡೆಗಳು. ಅಲ್ಲಿಂದ ಮುಂದೆ ಅವನು ಊರೆಲ್ಲ ಸುತ್ತಿ ಒಂದೊಂದನ್ನೂ ಪತ್ತೆಹಚ್ಚಿದ. ತನ್ನ ನಾಯಿ, ತನ್ನ ಬೂಟು, ಸಮುದಾಯ ಭವನದ ಬೀರು. ಸೊನ್ಹಿಯ ಅಮ್ಮ ಅವನ ಕಾಟ ತಡೆಯಲಾರದೆ ಮಗಳ ಮನೆಗೆ ಹೋಗಿ ಕುಳಿತಳು. ಕೊನೆಗೆ ಒಂದು ದಿನ ನಾನು ಎಳ್ಳು ಹುರಿಯುತ್ತಿದ್ದಾಗ ಬೇಲಿಯ ಮೇಲೆ ಅವನ ಹೊಸ ಮೂಗು ಕಾಣಿಸಿಕೊಂಡಿತು.

"ಲೋ ಸಾಂಗ್‌ಗು, ಇದೇನೋ ಇದು?"

"ಎಳ್ಳು."

"ಇಷ್ಟ್ ವರ್ಷ ನಾನು ಇದರ ಪಕ್ಕದಲ್ ಮಲ್ಗಿದ್ನಾ?" ಎಂದವನೇ ನೆಟ್ಟಗೆ ತಮ್ಮ ಕಚೇರಿಗೆ ಹೋದ.

ದೂರಿನ ಪ್ರತಿ ನನ್ನ ಕೈಗೆ ಬಂದ ದಿನ ನನ್ನ ಹೆಂಡತಿ ಅಕ್ಕಿ ಕಡುಬು ಮಾಡಿ ಊರಿಗೆಲ್ಲ ಹಂಚಿದಳು. "ತಡೆಯಲಾರದ ದುರ್ವಾಸನೆ, ಎರಡೂ ಹೊಳ್ಳೆಗಳಿಗೆ ಏಕಕಾಲದಲ್ಲಿ" ಎಂಬ ಅವನ ಮಾತನ್ನು ಆಕೆ ಮನೆಮನೆಗೂ ಹೋಗಿ ಓದಿದಳು. ನಮ್ಮ ಮನೆತನದ ಮೇಲೆ ಇಷ್ಟು ಚೆನ್ನಾದ ದೂರು ಹಿಂದೆಂದೂ ಬಂದಿರಲಿಲ್ಲ. ಆ ಸಂಜೆ ಆಕೆ ಸಮುದಾಯ ಭವನಕ್ಕೆ ಹೋಗಿ ಇಸ್ಪೀಟಾಡಿ ಗೆದ್ದುಬಂದಳು.

೬. ತಮ್ಮ ಪರಿಶೀಲನೆ

ಇಷ್ಟರಲ್ಲಿ ತಾವು ಪರಿಶೀಲನೆಗೆ ಬಂದಿರಿ. ತಮ್ಮ ಬಗ್ಗೆ ನನಗೆ ಗೌರವವಿದೆ. ಆದರೆ ನಡೆದದ್ದನ್ನು ಇದ್ದಂತೆ ಬರೆಯಬೇಕಾಗಿದೆ. ಆ ದಿನ ನಾನು ಎಳ್ಳನ್ನೂ ಹುರಿಯುತ್ತಿದ್ದೆ, ಮೆಣಸಿನಕಾಯಿಯನ್ನೂ ಪುಡಿ ಮಾಡುತ್ತಿದ್ದೆ. ತಾವು ಹುರಿಯುವ ಬಾಣಲೆಯ ಪಕ್ಕದಲ್ಲೇ ನಿಂತು ದೀರ್ಘವಾಗಿ ಉಸಿರೆಳೆದುಕೊಂಡು, "ಏನೂ ಇಲ್ವಲ್ಲ" ಎಂದಿರಿ. ನನಗೆ ಗಾಬರಿಯಾಯಿತು. ಒಂದು ಬೊಗಸೆ ಒಣಮೆಣಸಿನಕಾಯಿಯನ್ನು ಬಿಸಿ ಬಾಣಲೆಗೇ ಸುರಿದೆ. ಇದು ಸಾಕ್ಷ್ಯ ತಿರುಚಿದ ಅಪರಾಧವಾಗುವುದಾದರೆ ಅದಕ್ಕೂ ಬೇರೆಯಾಗಿ ಶಿಕ್ಷೆ ಕೊಡಬಹುದು. ತಮ್ಮ ಕಾರಿನ ಚಾಲಕರು ಸೀನುತ್ತ ಗದ್ದೆಯ ಬದುವಿನ ತನಕ ಓಡಿದರು. ನನ್ನ ಹೆಂಡತಿ ಕಣ್ಣೊರೆಸಿಕೊಳ್ಳುತ್ತ ಗೋಡೆ ಹಿಡಿದುಕೊಂಡಳು. ತಾವು ಕಣ್ಣು ಕೆಂಪಗಾಗಿಸಿಕೊಂಡು, ಒಂದು ಸೀನೂ ಸೀನದೆ, "ಹೊಗೆ ಇದೆ, ವಾಸನೆ ಇಲ್ಲ" ಎಂದು ಷರಾ ಬರೆದಿರಿ.

ಇದರ ಪರಿಣಾಮವೇನಾಯಿತೆಂದರೆ, ಮಗಳ ಮನೆಯಿಂದ ಹಿಂತಿರುಗಿದ್ದ ಸೊನ್ಹಿಯ ಅಮ್ಮ ಅಂದೇ ಸಂಜೆ ಸಮುದಾಯ ಭವನದಲ್ಲಿ ಹೇಳಿದಳು: "ಸರ್ಕಾರದ್ ಅಧಿಕಾರಿಗೇ ಬರದೇ ಇರೋ ವಾಸ್ನೆ ನಮ್ಮನೆಯವ್ರಿಗ್ ಬರತ್ತಾ? ಅದು ಮೂಗಲ್ ಬರ್ತಿರೋದಲ್ಲ, ತಲೇಲಿ. ಪಾಪ, ಆ ನೆಗಡಿ ಡಾಕ್ಟ್ರು ಏನೋ ಮಾಡ್ಬಿಟ್ಟಿದಾನೆ." ಆಕೆಗೆ ಸೋಯಾ ಉಂಡೆ ನೇತುಹಾಕುವ ಜಾಗ ಮರಳಿ ಬೇಕಾಗಿತ್ತು ಎಂಬುದು ನನ್ನ ಊಹೆ. ಆದರೆ ಊರು ಆಕೆಯ ಮಾತನ್ನೇ ಹಿಡಿಯಿತು. ತಮ್ಮ ಷರಾ ಕಾಯಂ ಆದರೆ ವಾಸನೆ ಇಲ್ಲವೆಂದಾಯಿತು. ವಾಸನೆ ಇಲ್ಲವೆಂದರೆ ಪಾನ್‌ಸುವಿಗೆ ಬರುತ್ತಿರುವುದು ಭ್ರಮೆ. ಭ್ರಮೆಯೆಂದರೆ ಚಿಕಿತ್ಸೆ ಕೆಟ್ಟಿತು, ಮಗ ಫೇಲು.

ಮಗನಿಗೆ ಫೋನು ಮಾಡಿ ಹೇಳಿದೆ. "ಬಿಡಿ ಅಪ್ಪಾ" ಎಂದ. "ಮೂಗು ಸರಿ ಹೋಗಿದೆ ಅಂತ ನನಗ್ ಗೊತ್ತು, ದೊಡ್ಡಪ್ಪಂಗ್ ಗೊತ್ತು. ಸಾಕು."

ಅವನಿಗೆ ಸಾಕು. ನನಗೆ ಸಾಲದು. ನಾನು ಒಮ್ಮೆ ಅವನ ಹೆಸರಿಗೆ ಅವನದಲ್ಲದ್ದನ್ನು ಅಂಟಿಸಿದೆ, ಅವನೇ ಏಣಿ ಹತ್ತಿ ಕಿತ್ತುಹಾಕಿದ. ಈಗ ಅವನದೇ ಆದದ್ದನ್ನು ಊರು ಕಿತ್ತುಕೊಳ್ಳುತ್ತಿದೆ, ಅದೂ ನನ್ನ ಗಿರಣಿಯ ನೆಪದಲ್ಲಿ. ಇದನ್ನು ನೋಡುತ್ತ ಕೂರಲು ನನ್ನಿಂದ ಆಗದು. "ಹೋಗಿ ತಪ್ಪೊಪ್ಪಿಕೊಂಡ್ ಬನ್ನಿ. ದೂರು ಬಿದ್ದುಹೋದ್ರೆ ಮನೆಗ್ ಬರ್ಬೇಡಿ" ಎಂಬುದು ಉಲ್ಲೇಖ ಮೂರರ ಪೂರ್ಣ ಪಾಠ.

೭. ದೂರುದಾರರು ಹಿಂದೆಗೆಯಲು ಯತ್ನಿಸುತ್ತಿರುವ ಬಗ್ಗೆ

ಸಾಲದ್ದಕ್ಕೆ ನಿನ್ನೆ ಗುಕ್ ಪಾನ್‌ಸುವೇ ಗಿರಣಿಗೆ ಬಂದು ಎಣ್ಣೆ ಡಬ್ಬದ ಮೇಲೆ ಕುಳಿತ.

"ಲೋ, ದೂರು ವಾಪಸ್ ತಗೊಂಡ್ಬಿಡ್ತೀನಿ."

"ಯಾಕೆ?"

"ನಿನ್ನೆ ಬಿಸಿ ಅನ್ನಕ್ಕೆ ನಿನ್ನ್ ಎಣ್ಣೆ ಹಾಕ್ಕೊಂಡೆ ಕಣೋ. ತುತ್ತು ಬಾಯ್ಗಿಡೋಕ್ ಮುಂಚೆ ನಮ್ಮಮ್ಮ ಬಂದು ಪಕ್ಕದಲ್ ಕೂತಂಗಾಯ್ತು. ಹೆಂಗಿದ್ಲು ಅಂತಾನೇ ಮರ್ತಿದ್ದೆ. ಅಂಥಾ ವಾಸ್ನೆ ಮೇಲೆ ದೂರು ಕೊಟ್ನಲ್ಲ ನಾನು."

ಅವನ ಕಣ್ಣಲ್ಲಿ ನೀರಿತ್ತು. ಆ ಹೊತ್ತಿನಲ್ಲಿ ಮೆಣಸಿನಕಾಯಿ ಪುಡಿ ಮಾಡುತ್ತಿರಲಿಲ್ಲವೆಂಬುದನ್ನು ದೃಢೀಕರಿಸುತ್ತೇನೆ. ಆದರೆ ಕಣ್ಣೀರು ಬೇರೆ, ಕಾನೂನು ಬೇರೆ.

"ವಾಪಸ್ ತಗೊಂಡ್ರೆ ನಿಮ್ಮನೆ ಮೆಣಸಿನಕಾಯಿ ನಾನು ಪುಡಿ ಮಾಡ್ಕೊಡಲ್ಲ, ತಿಳ್ಕೋ" ಎಂದೆ.

"ದೂರು ಗೆದ್ರೆ ಗಿರಣಿ ಊರಾಚೆ ಹಾಕಿಸ್ತಾರಲ್ಲೋ. ನಿಮ್ಮಪ್ಪ ಕಟ್ಟಿದ್ದು."

"ನಮ್ಮಪ್ಪ ಗಿರಣಿ ಕಟ್ಟಿದ. ನಾನು ಮಗನ್ನ ಓದಿಸಿದೀನಿ. ದೂರು ಅಲ್ಲೇ ಇರ್ಲಿ."

"ದುರ್ವಾಸನೆ ಅಂತ ಬರ್ದಿದೀನಿ. ಆ ಮಾತಾದ್ರೂ ತೆಗ್ಸೋಣ."

"ತೆಗ್ದ್ರೆ ಕೇಸು ನಿಲ್ಲಲ್ಲ."

ಈ ಒಂದು ಪದದ ಮೇಲೆ ನಮ್ಮಿಬ್ಬರಿಗೂ ಕತ್ತಲಾಗುವ ತನಕ ಜಗಳವಾಯಿತು. ಬೇಲಿಯ ಎರಡೂ ಕಡೆಯ ಹೆಂಗಸರು ಬಂದು ಊಟಕ್ಕೆ ಎಳೆದುಕೊಂಡು ಹೋಗುವಷ್ಟರಲ್ಲಿ, ದೂರಿನಲ್ಲಿ "ಬಹಳ ಚೆನ್ನಾಗಿರುವ ದುರ್ವಾಸನೆ" ಎಂದು ತಿದ್ದುಪಡಿ ಮಾಡುವುದಕ್ಕೆ ಉಭಯ ಪಕ್ಷಗಳೂ ಒಪ್ಪಿದವು.

ಆದ್ದರಿಂದ, ಮೇಲೆ ವಿವರಿಸಿದ ಎಲ್ಲ ಕಾರಣಗಳಿಂದ, ಸನ್ನಿಧಾನದಲ್ಲಿ ಕೋರುವುದೇನೆಂದರೆ:

(ಅ) ಸದರಿ ದೂರನ್ನು ಎತ್ತಿಹಿಡಿದು, ನನ್ನ ಗಿರಣಿ ನಾರುತ್ತದೆಂದು ಲಿಖಿತವಾಗಿ ತೀರ್ಮಾನಿಸಬೇಕು.

(ಆ) "ದೂರುದಾರರಿಗೆ ಎರಡೂ ಹೊಳ್ಳೆಗಳಲ್ಲಿ ಉಸಿರೂ ವಾಸನೆಯೂ ಪೂರ್ಣವಾಗಿ ಇವೆ" ಎಂಬ ವಾಕ್ಯ ಆದೇಶದಲ್ಲಿ ಇರಬೇಕು. ಜಾಗ ಸಾಲದಿದ್ದರೆ ನನ್ನ ತಪ್ಪಿನ ವಿವರವನ್ನು ಮೊಟಕು ಮಾಡಬಹುದು.

(ಇ) ಚಿಕಿತ್ಸೆ ಮಾಡಿದವರು "ಕಿವಿ, ಮೂಗು, ಗಂಟಲಿನ ತಜ್ಞ ಡಾಕ್ಟರ್ ತಾಕ್ ಜೆವಾನ್" ಎಂದು ನಮೂದಿಸಬೇಕು. ಇದಕ್ಕೆ ಒಂದು ಅಕ್ಷರವನ್ನೂ ಸೇರಿಸಬಾರದು. ಕಿವಿಯನ್ನೂ ಗಂಟಲನ್ನೂ ಬಿಡಬಾರದು. ಎಲ್ಲ ಅಕ್ಷರಗಳೂ ಒಂದೇ ಗಾತ್ರದಲ್ಲಿರಬೇಕು.

(ಈ) ಆದೇಶದ ಪ್ರತಿಯನ್ನು ಸಮುದಾಯ ಭವನದ ಬಾಗಿಲಿಗೆ, ಸೊನ್ಹಿಯ ಅಮ್ಮನ ರೆಪ್ಪೆಗಳನ್ನು ಗಮನದಲ್ಲಿಟ್ಟುಕೊಂಡು, ಸ್ವಲ್ಪ ಕೆಳಗೆ ಅಂಟಿಸಬೇಕು.

(ಉ) ಬಾಣಲೆಯನ್ನು ಊರಾಚೆ ಸಾಗಿಸಬೇಕೆಂದು ಆಜ್ಞೆಯಾದರೆ ಸಾಗಿಸುತ್ತೇನೆ. ಜಾಗ ನೋಡಿಟ್ಟಿದ್ದೇನೆ. ಗಾಳಿ ಅಲ್ಲಿಂದ ಪಾನ್‌ಸುವಿನ ಮನೆಯ ಕಡೆಗೇ ಬೀಸುತ್ತದೆಂದು ಅವನೇ ಬಂದು ನಿಂತು ಖಾತ್ರಿ ಮಾಡಿಕೊಂಡಿದ್ದಾನೆ.

ತಮ್ಮ ನಂಬಿಗಸ್ತನೂ, ಸದರಿ ಪ್ರಕರಣದ ಆರೋಪಿಯೂ, ತಾನೇ ಸ್ವತಃ ಸಾಕ್ಷಿಯೂ ಆದ,
ತಾಕ್ ಸಾಂಗ್‌ಗು
(ಸಹಿ, ಬೆರಳಿನ ಕೆಂಪು ಗುರುತು ಮೆಣಸಿನಪುಡಿಯದು, ಮೊಹರಲ್ಲ)

ಲಗತ್ತುಗಳು:

೧. ಮಗನ ತಜ್ಞ ಪ್ರಮಾಣಪತ್ರದ ನಕಲು. ನನ್ನ ಕೈಯಿಂದ ಯಾವ ತಿದ್ದುಪಡಿಯೂ ಆಗಿಲ್ಲ.

೨. ದೂರುದಾರರ ಮೂಗಿನ ಭಾವಚಿತ್ರಗಳು, ಮೊದಲು ಮತ್ತು ಆಮೇಲೆ. ಮೊದಲಿನದು ಅವರು ಊರ ಮುಖ್ಯಸ್ಥರ ಚುನಾವಣೆಗೆ ನಿಂತಾಗ ಅಂಟಿಸಿದ್ದ ಕಾಗದದಿಂದ ಕತ್ತರಿಸಿದ್ದು.

೩. ತಿದ್ದುಪಡಿಯಾದ ದೂರು, ಇಬ್ಬರ ಸಹಿಯೊಂದಿಗೆ.

೪. ಹೊಸದಾಗಿ ಹುರಿದು ಹಿಂಡಿದ ಎಳ್ಳೆಣ್ಣೆ, ಒಂದು ಸಣ್ಣ ಬಾಟಲಿ. ಇದು ಲಂಚವಲ್ಲ, ಸಾಕ್ಷ್ಯ. ಪ್ರಕರಣ ಮುಗಿದ ಮೇಲೆ ಬಾಟಲಿಯನ್ನು ಹಿಂತಿರುಗಿಸುವುದು.

ಕೊನೆಯ ಅರಿಕೆ: ಲಗತ್ತು ನಾಲ್ಕರ ಮುಚ್ಚಳ ತೆಗೆದು, ತಮ್ಮ ಕಚೇರಿಯ ಸಿಬ್ಬಂದಿಯ ಸಮಕ್ಷಮದಲ್ಲಿ ಒಮ್ಮೆ ಮೂಸಿ ನೋಡಬೇಕಾಗಿ ವಿನಂತಿ. ವಾಸನೆ ಬಂದಲ್ಲಿ ಆದೇಶಕ್ಕೆ ಸಹಿ ಮಾಡುವುದು. ಸಿಬ್ಬಂದಿಗೆಲ್ಲ ಬಂದು ತಮಗೊಬ್ಬರಿಗೇ ಬಾರದಿದ್ದಲ್ಲಿ ಗಾಬರಿಪಡುವುದು ಬೇಡ. ಗುರುವಾರ ಸಂಜೆಗೆ ಮಗನ ಬಳಿ ತಮ್ಮ ಹೆಸರು ಈಗಾಗಲೇ ಬರೆಸಿದ್ದೇನೆ.